ಕಂಡದ್ದು ಮೊದಲು

ಜೂನ್ 9

ಅಕ್ಕಾ,

"ನಿಂತದ್ದು ನಿಂತೇ ಇರುತ್ತದೆ, ನೋಡಿದವರು ದಾಟಿ ಹೋಗುತ್ತಾರೆ." ಹೀಗೇ ಇತ್ತಲ್ಲವೇ ಆ ಸಾಲು? ಅಥವಾ ಹೋಗುವುದು ಮೊದಲು, ನಿಲ್ಲುವುದು ಆಮೇಲೆ ಬರುತ್ತಿತ್ತೇ? ಅಮ್ಮ ಬೀರುವಿನ ಮೂರನೆಯ ಹಲಗೆಗೆ ಹಾಸಿದ್ದ ಮಾಸಪತ್ರಿಕೆಯ ಹಾಳೆ. ಬಟ್ಟೆ ಎತ್ತಿದಾಗೆಲ್ಲ ಓದಿಕೊಳ್ಳುತ್ತಿದ್ದೆವು. ಬರೆದವರ ಹೆಸರಿದ್ದ ಮೂಲೆಯನ್ನು ಹುಳು ತಿಂದಿತ್ತು. ಇಲ್ಲಿಗೆ ಬಂದ ಮೇಲೆ ಆ ಸಾಲನ್ನು ನಂಬಲಾಗುತ್ತಿಲ್ಲ. ಈ ಗ್ಯಾಲರಿಯಲ್ಲಿ ಎಲ್ಲಕ್ಕಿಂತ ಬೇಗ ಹೋಗುವ ವಸ್ತು ಫೋಟೋಗಳೇ. ಬೆಳಕು ಬಿದ್ದಷ್ಟೂ ಮಾಸುತ್ತವೆ. ಮೂರು ತಿಂಗಳು ಗೋಡೆಯ ಮೇಲಿಟ್ಟರೆ ಮೂರು ವರ್ಷ ಕತ್ತಲೆಯ ಪೆಟ್ಟಿಗೆಯಲ್ಲಿ ಮಲಗಿಸಬೇಕಂತೆ. ಒಮ್ಮೆ ಬೀರು ತೆಗೆದು ಆ ಹಾಳೆ ನೋಡಿ ಸರಿಯಾದದ್ದನ್ನು ಬರೆ.

ತರಬೇತಿಗೆ ಸೇರಿ ಒಂದು ವಾರವಾಯಿತು. ನಮ್ಮ ಮುಖ್ಯಸ್ಥೆಗೆ ಮೂವತ್ತನಾಲ್ಕು, ನನಗೆ ನಲವತ್ತೇಳು. ಮೊದಲ ದಿನ ಬಾಗಿಲಲ್ಲಿ ನನ್ನನ್ನು ಯಾರೋ ದೊಡ್ಡ ಅತಿಥಿ ಅಂದುಕೊಂಡು ಎದ್ದು ನಿಂತಳು. ಶಿಷ್ಯೆ ಎಂದು ತಿಳಿದ ಮೇಲೆ ಕೂತಳು. ಅವಳ ಬಾಯಲ್ಲಿ ಒಂದೇ ಮಾತು: ಕಂಡದ್ದು ಮೊದಲು, ತಿಳಿದದ್ದು ಆಮೇಲೆ. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಕವಿತೆ ಪಾಠ ಮಾಡಿದವಳಿಗೆ ಇದು ತಲೆಕೆಳಗು ನಿಂತ ಹಾಗೆ. ವರ್ಷದ ಕೊನೆಯ ಪ್ರಧರ್ಶನದಲ್ಲಿ ಒಂದು ಇಡೀ ಕೋಣೆ ನನ್ನದು. ಅದು ಚೆನ್ನಾಗಾದರೆ ಇಲ್ಲೇ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ. ವಿಷಯ ಸ್ಪಷ್ಠ.

ಫೋನು ಮನೆಗೆ ತರಿಸಿಕೊಳ್ಳದ ನಿನ್ನ ಹಟ ಇನ್ನೂ ಇಳಿದಿಲ್ಲವೇ? ಪಕ್ಕದ ಮನೆಯ ರೇಡಿಯೋಗೆ ನನ್ನ ನೆನಪು ಹೇಳಬೇಡ. ಹೇಳಿದರೆ ಬೀದಿಗೆಲ್ಲ ಪ್ರಸಾರವಾಗುತ್ತದೆ.

ನಿನ್ನ ಪುಟ್ಟಿ


ಜೂನ್ 24

ಪುಟ್ಟೀ,

ಆ ಹಾಳೆ ಹರಿದುಹೋಗಿ ಬಹಳ ದಿನವಾಯಿತು. ಬದಲಾಯಿಸಿಬಿಟ್ಟೆ. ನಿನಗೆ ಬೇಕಾದ ಹಾಗೆ ಓದಿಕೋ, ಕೇಳುವವರಿಲ್ಲ.

ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದುತ್ತಾ ಗಂಟೆಯ ಸದ್ದು ಕೇಳಿದ್ದು ಸಾಕು, ಫೋನು ಬೇಡ. ಕಾಗದವಾದರೆ ನನಗೆ ಬೇಕಾದಾಗ ಬಾಯಿ ತೆರೆಯುತ್ತದೆ.

ರೇಡಿಯೋ ಕೇಳಿದರು, ನಿಮ್ಮ ತಂಗಿ ಫೋಟೋ ತೆಗೆಯೋದು ಕಲೀತಿದ್ದಾಳಾ ಅಂತ. ಅಲ್ಲ, ಬೇರೆಯವರು ತೆಗೆದದ್ದನ್ನು ಆರಿಸಿ, ಯಾವುದರ ಪಕ್ಕ ಯಾವುದಿರಬೇಕು ಅಂತ ಯೋಚಿಸಿ ಗೋಡೆಗೆ ಹಾಕುವುದು ಎಂದೆ. ಅದಕ್ಕೆ ಒಂದು ವರ್ಷವಾ, ನಮ್ಮ ಯಜಮಾನರು ಮೂರು ಮೊಳೆಯಲ್ಲಿ ಇಡೀ ವಂಶವನ್ನೇ ತೂಗುಹಾಕಿದ್ದರು ಅಂದರು. ಕ್ಯುರೇಟರಿಗೆ ಕನ್ನಡದಲ್ಲಿ ಏನಂತಾರೆ ಎಂದೂ ಕೇಳಿದರು. ನನಗೆ ಹೊಳೆಯಲಿಲ್ಲ. ಪಾಲಕಿ ಅಂದರೆ ಮಕ್ಕಳಿರಬೇಕು.

ತಪ್ಪುಗಳು: "ಪ್ರಧರ್ಶನ" ಅಲ್ಲ, ಪ್ರದರ್ಶನ. "ಸ್ಪಷ್ಠ" ಅಲ್ಲ, ಸ್ಪಷ್ಟ. ನೀನು ಕಂಡ ಕಂಡ ಅಕ್ಷರದ ಹೊಟ್ಟೆ ಸೀಳುತ್ತೀಯ, ಸೀಳಬೇಕಾದ ಕಡೆ ಸುಮ್ಮನಿರುತ್ತೀಯ. ನಿನ್ನ ವಿದ್ಯಾರ್ಥಿಗಳ ಗತಿಯೇನಾಗಿರಬೇಕು.

ನಾನು ಚೆನ್ನಾಗಿದ್ದೇನೆ.

ಅಕ್ಕ


ಆಗಸ್ಟ್ 3

ಅಕ್ಕಾ,

ನನ್ನ ಕೋಣೆಗೆ ಫೋಟೋಗಳು ಸಿಕ್ಕವು. ತೆಗೆದವಳು ಒಬ್ಬ ಹುಡುಗಿ. ಕೆಲಸದ ಜಾಗಗಳಿಂದ ಜನ ಎದ್ದುಹೋದ ಐದು ನಿಮಿಷಕ್ಕೆ ಸರಿಯಾಗಿ ಒಳಗೆ ಹೋಗಿ ತೆಗೆಯುತ್ತಾಳೆ. ಕ್ಷೌರದಂಗಡಿ, ಆಸ್ಪತ್ರೆಯ ಕಾಯುವ ಕೋಣೆ, ಹೊಲಿಗೆಯ ಶೆಡ್ಡು, ಬಟ್ಟೆ ಒಗೆದು ಒಣಗಿಸುವ ಜಾಗ. ಒಂದರಲ್ಲೂ ಮನುಷ್ಯರಿಲ್ಲ.

ಪ್ರತಿ ಚಿತ್ರದ ಪಕ್ಕ ಅಂಗೈಯಗಲದ ಒಂದು ಚೀಟಿ ಅಂಟಿಸುತ್ತಾರೆ. ಅದನ್ನು ಬರೆಯುವುದು ನನ್ನ ಪಾಲಿನ ಪರೀಕ್ಷೆ. ಹನ್ನೊಂದು ಸಲ ಬರೆದೆ. ಮುಖ್ಯಸ್ಥೆ ಹನ್ನೊಂದು ಸಲವೂ ಗೀಟು ಹಾಕಿದಳು. "ಅನುಪಸ್ತಿತಿಯ ಮೌನ" ಎಂದು ಬರೆದಿದ್ದೆ. ಅದು ಚಿತ್ರದಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸಿ ಅಂದಳು. ತೋರಿಸಲು ಹೋದರೆ ಅಲ್ಲಿ ಒಂದು ಬಾಚಣಿಗೆ ಇತ್ತು.

ಆಗ ನೀನು ನೆನಪಾದೆ. ಒಂದು ಸೊನ್ನೆ ಹೆಚ್ಚಿದ್ದರೆ, ಒಂದು ಕೊಂಬು ಕಡಿಮೆಯಿದ್ದರೆ ಹಾಳೆ ದೂರ ಹಿಡಿದೇ ಹೇಳುವವಳು. ಚಿಕ್ಕ ಪ್ರತಿಗಳನ್ನು ಒಂದೊಂದಾಗಿ ಕಳಿಸುತ್ತೇನೆ. ಏನು ಕಾಣುತ್ತದೋ ಅಷ್ಟನ್ನೇ ನಾಲ್ಕು ಸಾಲಿನಲ್ಲಿ ಬರೆ. ಇದರ ಜೊತೆ ಕ್ಷೌರದಂಗಡಿ ಇದೆ. ದಮ್ಮಯ್ಯ, ರೇಡಿಯೋಗೆ ತೋರಿಸಬೇಡ. ಅವರು ನೋಡಿದರೆ ಆ ಕುರ್ಚಿಯಲ್ಲಿ ಕೂತಿದ್ದವನ ಅತ್ತಿಗೆಯ ಸಮಾಚಾರವನ್ನೂ ಹೇಳುತ್ತಾರೆ.

ಪುಟ್ಟಿ


ಆಗಸ್ಟ್ 20

ಪುಟ್ಟೀ,

ಚಿತ್ರ ತಲುಪಿತು. ಕೆಳಗಿನದು ನಿನ್ನ ಚೀಟಿಗೆ.

"ಎರಡು ಕುರ್ಚಿ. ಒಂದರ ರೆಗ್ಸೀನು ಕೈಯಿಡುವ ಕಡೆ ಹರಿದಿದೆ, ಬೆರಳು ಸೋಕಿದರೆ ಚುಚ್ಚುತ್ತದೆ. ನೆಲದ ಕೂದಲು ಗುಡಿಸಿಲ್ಲ. ಕರಿಯದು ಬಹಳ, ಬಿಳಿಯದು ಸ್ವಲ್ಪ. ಕನ್ನಡಿಗಳು ಎದುರುಬದುರು ಇವೆ. ಅಂಗಡಿಯವನು ಬೀಗದ ಕೈ ಮರೆತಿದ್ದಾನೆ, ಅದು ಪೌಡರ್ ಡಬ್ಬಿಯ ಹಿಂದಿದೆ. ವಾಪಸ್ ಬರುತ್ತಾನೆ."

ಇಷ್ಟು ಸಾಕೇ? ಉಳಿದವನ್ನೂ ಕಳಿಸು. ನನಗೂ ಹೊತ್ತು ಹೋಗುತ್ತದೆ.

ಅಕ್ಕ


ಸೆಪ್ಟೆಂಬರ್ 7

ಅಕ್ಕಾ,

ಇಷ್ಟು ಸಾಕೇ ಅಂತ ಕೇಳುತ್ತೀಯಲ್ಲ. ಮುಖ್ಯಸ್ಥೆ ನಿನ್ನ ನಾಲ್ಕು ಸಾಲನ್ನು ನಿಂತುಕೊಂಡೇ ಎರಡು ಸಲ ಓದಿದಳು. ಆ ಬೀಗದ ಕೈಯನ್ನು ನಾವಿಬ್ಬರೂ ಒಂದು ತಿಂಗಳಿಂದ ನೋಡಿಯೇ ಇರಲಿಲ್ಲ. ಭೂತಗನ್ನಡಿ ಹಿಡಿದರೆ ಪೌಡರ್ ಡಬ್ಬಿಯ ಹಿಂದೆ ನಿಜಕ್ಕೂ ಇದೆ. "ನಿಮ್ಮ ಅಕ್ಕ ಮುಟ್ಟಿ ನೋಡಿದ ಹಾಗೆ ಬರೀತಾರೆ" ಅಂದಳು. ಎಲ್ಲ ಚೀಟಿಗಳೂ ನಿನ್ನವೇ ಆಗಲಿ ಎಂದು ತೀರ್ಮಾನವಾಯಿತು. ಕೆಳಗೆ "ಅಕ್ಕ" ಎಂದಷ್ಟೇ ಹಾಕುತ್ತೇವೆ.

ಇನ್ನೊಂದು ವಿಷಯಕ್ಕೆ ಬೆನ್ನು ತಟ್ಟಿಕೊಂಡೆ. ಕಳೆದ ಕಾಗದದಲ್ಲಿ ನೀನು ನನ್ನ ಒಂದು ತಪ್ಪನ್ನೂ ತಿದ್ದಿಲ್ಲ. ಐವತ್ತರ ಹತ್ತಿರ ಬಂದು ಕಾಗುಣಿತ ಕಲಿತೆ ಅನ್ನು. ಆದರೆ ನಿನ್ನ ಅಕ್ಷರಕ್ಕೇನಾಗಿದೆ? ಸಾಲುಗಳು ಬೆಟ್ಟ ಇಳಿದ ಹಾಗೆ ಬಲಕ್ಕೆ ಜಾರುತ್ತಿವೆ, ಒಂದು ಕಡೆ ಎರಡು ಸಾಲು ಒಂದರ ಮೇಲೊಂದು ಕೂತಿವೆ. ಹಾಸಿಗೆಯ ಮೇಲೆ ಮಂಡಿಯ ಮೇಲಿಟ್ಟು ಬರೆಯುತ್ತಿದ್ದೀಯ, ನನಗೆ ಗೊತ್ತು. ಮೇಜಿಗೆ ಬಾ.

ಆಸ್ಪತ್ರೆಯ ಕೋಣೆಯನ್ನೂ ಹೊಲಿಗೆಯ ಶೆಡ್ಡನ್ನೂ ಇದರ ಜೊತೆ ಇಟ್ಟಿದ್ದೇನೆ. ಕೊನೆಯದು ಬಟ್ಟೆ ಒಣಗಿಸುವ ಜಾಗ. ಉದ್ದಕ್ಕೂ ಬಿಳಿಯ ಹೊದಿಕೆಗಳು. ಅದನ್ನು ತಿಂಗಳ ಕೊನೆಗೆ ಕಳಿಸುತ್ತೇನೆ. ಅಚ್ಚಿಗೆ ಅಕ್ಟೋಬರ್ ಇಪ್ಪತ್ತಕ್ಕೆ ಕೊಡಲೇಬೇಕು, ಒಂದು ದಿನವೂ ತಡವಾಗುವಂತಿಲ್ಲ.

ರೇಡಿಯೋ ಒಳಗೆ ಬರುತ್ತಿದ್ದಾರೆಯೇ? ಬಾಗಿಲು ಹಾಕಿಕೊಂಡಿರು. ಒಮ್ಮೆ ಕೂತರೆ ಕುರ್ಚಿಯ ಕಾಲಾದರೂ ಮುರಿಯಬೇಕು, ನಿನ್ನ ತಾಳ್ಮೆಯಾದರೂ.

ಪುಟ್ಟಿ


ಸೆಪ್ಟೆಂಬರ್ 29

ಅಕ್ಕಾ,

ಆಸ್ಪತ್ರೆ ಮತ್ತು ಹೊಲಿಗೆಯ ಚೀಟಿಗಳು ಬಂದವು. ಎರಡೂ ಚೆನ್ನ. ಬಟ್ಟೆಯ ಚಿತ್ರ ಇದರೊಳಗಿದೆ. ಗಡಿಬಿಡಿಯಲ್ಲಿ ಹಾಕುತ್ತಿದ್ದೇನೆ, ಅಂಚೆ ಹೊರಡುವ ಹೊತ್ತು.

ಮುಂದಿನ ವಾರ ನನಗೆ ನಾಲ್ಕು ದಿನ ರಜೆ. ಆಮೇಲೆ ಪ್ರಧರ್ಶನ ಮುಗಿಯುವವರೆಗೆ ತಲೆಯೆತ್ತಲು ಬಿಡುವುದಿಲ್ಲ. ಬರಲಾ? ನಾನು ಹೊರಟಾಗ ನೀನು ಬಾಗಿಲಿಗೂ ಬರಲಿಲ್ಲ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಅನ್ನುವ ಕೋಪ ಅಂದುಕೊಂಡೆ. ಆ ಕೋಪ ಇನ್ನೂ ಇದ್ದರೆ ಬಂದು ನಿನಗೆ ತೊಂದರೆ ಕೊಡುವುದಿಲ್ಲ. ಬಾ ಅಂತ ಒಂದಕ್ಷರ ಬರೆ, ಆ ದಿನವೇ ಹೊರಡುತ್ತೇನೆ. ಬರೆಯದಿದ್ದರೆ ಅರ್ಥ ಮಾಡಿಕೊಳ್ಳುತ್ತೇನೆ.

ಪುಟ್ಟಿ


ಅಕ್ಟೋಬರ್ 14

ಪುಟ್ಟೀ,

ಅಚ್ಚಿಗೆ ತಡವಾಗಬಾರದು ಅಂದಿದ್ದೆಯಲ್ಲ, ಇಕೋ.

"ಒಂದು ಬಿಳಿಯ ಬಟ್ಟೆ. ಚಿತ್ರವೆಲ್ಲ ಅದೇ. ಒಂದು ಸುಕ್ಕಿಲ್ಲ, ಒಂದು ಕಲೆಯಿಲ್ಲ. ಒಗೆದವಳಿಗೆ ತನ್ನ ಕೆಲಸ ಗೊತ್ತು. ಅವಳು ಹೋಗಿಲ್ಲ, ಬಟ್ಟೆಯ ಹಿಂದೆಯೇ ನಿಂತಿದ್ದಾಳೆ. ಕಾಣುವುದಿಲ್ಲ, ಅಷ್ಟೇ."

ನಾನು ಚೆನ್ನಾಗಿದ್ದೇನೆ. ಹವೆಯೂ ಪರವಾಗಿಲ್ಲ.

ಅಕ್ಕ


ಅಕ್ಟೋಬರ್ 30

ಅಕ್ಕನಿಗೆ,

ಚೀಟಿ ಸೇರಿತು. ಅಚ್ಚಾಯಿತು. ಮುಖ್ಯಸ್ಥೆಗೆ ಇದು ಉಳಿದವಕ್ಕಿಂತ ಹೆಚ್ಚು ಹಿಡಿಸಿತು. ನನಗೆ ಆ ಚಿತ್ರದಲ್ಲಿ ಕಾಣುತ್ತಿದ್ದದ್ದು ಸಾಲು ಸಾಲು ಹೊದಿಕೆಗಳು, ಒಂದು ಸ್ಟೂಲು, ಮಗುಚಿಟ್ಟ ಬಕೆಟ್ಟು. ನಿನ್ನ ಚೀಟಿ ಓದಿದ ಮೇಲೆ ಕಾಲು ಗಂಟೆ ಅದರ ಮುಂದೆ ನಿಂತೆ. ಮೂರನೆಯ ಹೊದಿಕೆಯ ಅಂಚಿನಲ್ಲಿ ಒಂದು ನೆರಳಿದೆ. ಭುಜ ಇದ್ದರೂ ಇರಬಹುದು. ನಿನಗೆ ಮೊದಲೇ ಕಂಡಿತು, ನನಗೆ ಈಗ ಕಾಣುತ್ತಿದೆ.

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಹವೆಯ ಬಗ್ಗೆ ಬರೆದೆ. ಅರ್ಥವಾಯಿತು. ರಜೆ ಇಲ್ಲೇ ಕಳೆದೆ. ಇನ್ನು ಬರುವುದಿಲ್ಲ.

ಪುಟ್ಟಿ


ನವೆಂಬರ್ 18

ಅಕ್ಕನಿಗೆ,

ಪ್ರದರ್ಶನ ತೆರೆದು ಒಂದು ವಾರವಾಯಿತು. ಇವತ್ತು ಉಳಿದ ಪ್ರತಿಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ. ಫೋಟೋಗಳು ಒಂದಕ್ಕೊಂದು ಅಂಟದಿರಲಿ ಎಂದು ಎರಡರ ನಡುವೆ ಅದೇ ಅಳತೆಯ ಒಂದು ನುಣುಪಾದ ಬಿಳಿ ಹಾಳೆ ಇಡುತ್ತೇವೆ. ನಿನಗೆ ಕಳಿಸಿದೆ ಅಂದುಕೊಂಡಿದ್ದ ಬಟ್ಟೆಯ ಚಿತ್ರ ಪೆಟ್ಟಿಗೆಯಲ್ಲೇ ಇದೆ. ಅದರ ಮೇಲಿನ ಹಾಳೆ ಇಲ್ಲ. ಗಡಿಬಿಡಿಯಲ್ಲಿ ನಾನು ಲಕೋಟೆಗೆ ಹಾಕಿದ್ದು ಆ ಖಾಲಿ ಹಾಳೆಯನ್ನು.

ತಪ್ಪು ನನ್ನದು, ಒಪ್ಪಿದೆ. ಆದರೆ ನೀನು? ಖಾಲಿ ಹಾಳೆ ನೋಡಿ "ಪುಟ್ಟೀ, ಇದರಲ್ಲಿ ಏನೂ ಇಲ್ಲ" ಎಂದು ಬರೆಯಲು ಎಷ್ಟು ಹೊತ್ತು ಬೇಕಿತ್ತು? ನೀನು ಲಕೋಟೆಯನ್ನೇ ತೆರೆದಿಲ್ಲ. ನನ್ನ ಹಿಂದಿನ ಕಾಗದದಲ್ಲಿ ಬಿಳಿಯ ಹೊದಿಕೆ ಅಂತ ಇತ್ತಲ್ಲ, ಅಷ್ಟನ್ನು ಹಿಡಿದು ಏನೋ ಗೀಚಿ ಕಳಿಸಿದ್ದೀಯ. ಇಲ್ಲಿ ಜನ ಎಲ್ಲ ಚಿತ್ರ ಬಿಟ್ಟು ಅದರ ಮುಂದೆ ಗುಂಪು ಕೂಡುತ್ತಾರೆ, ಬಟ್ಟೆಯ ಹಿಂದಿನ ಹೆಂಗಸನ್ನು ಹುಡುಕುತ್ತಾರೆ. ಇವತ್ತು ಒಬ್ಬ ಅಜ್ಜ ಅವಳ ಪಾದ ಕಂಡಿತು ಅಂದರು. ಎಲ್ಲರ ಮುಂದೆ ನನ್ನನ್ನು ಕೋಡಂಗಿ ಮಾಡಿದ ಹಾಗಾಯಿತು. ನನ್ನ ಕೆಲಸ ನಿನಗೆ ಯಾವತ್ತೂ ಆಟವೇ. ತಮಾಷೆ ಸಾಕು.


ಡಿಸೆಂಬರ್ 6

ಪುಟ್ಟೀ,

ಈ ಅಕ್ಷರ ನನ್ನದಲ್ಲ, ಪಕ್ಕದ ಮನೆಯವರದು. ನಾನು ಹೇಳುತ್ತಿದ್ದೇನೆ, ಅವರು ಬರೆಯುತ್ತಿದ್ದಾರೆ.

ಲಕೋಟೆ ತೆರೆದೆ. ಹಾಳೆ ಹೊರಗೆ ತೆಗೆದು ಎರಡು ಕೈಯಲ್ಲೂ ಸವರಿದೆ. ಚಿತ್ರವೋ ಖಾಲಿಯೋ ನನಗೆ ಗೊತ್ತಾಗಲಿಲ್ಲ. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುವ ಕಾಯಿಲೆ. ನೋವಿಲ್ಲದ್ದರಿಂದ ಗೊತ್ತೂ ಆಗಿರಲಿಲ್ಲ. ನೀನು ಹೊರಡುವ ಹೊತ್ತಿಗೆ ಬಲಗಣ್ಣು ಹೋಗಿತ್ತು. ಬಾಗಿಲಿಗೆ ಬರಲಿಲ್ಲ ಅಂದೆಯಂತೆ. ಬಂದಿದ್ದರೆ ಮೆಟ್ಟಿಲಲ್ಲಿ ಎಡವುತ್ತಿದ್ದೆ, ನೀನು ಟ್ರಂಕು ಇಳಿಸಿ ಕೂತುಬಿಡುತ್ತಿದ್ದೆ. ಎಡಗಣ್ಣು ಸ್ವಲ್ಪ ಸ್ವಲ್ಪವಾಗಿ ಹೋಯಿತು. ಡಾಕ್ಟರು ಹನಿ ಔಷಧಿ ಕೊಟ್ಟಿದ್ದಾರೆ, ಹೋದದ್ದು ಬರುವುದಿಲ್ಲ ಅಂದಿದ್ದಾರೆ. ನೀನು ಇಲ್ಲಿದ್ದರೂ ಏನೂ ಆಗುತ್ತಿರಲಿಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ, ಇರುವುದೇ ಹಾಗೆ.

ಆಗಸ್ಟಿನಿಂದ ನಿನ್ನ ಕಾಗದ ಓದಿ ಹೇಳುತ್ತಿರುವವರು ಇವರೇ. ಫೋಟೋಗಳನ್ನು ನೋಡಿದ್ದೂ ಇವರೇ. ಬೀಗದ ಕೈ ಕಂಡದ್ದು ಇವರಿಗೆ. ನಾನು ಬರೀ ಪದ ಜೋಡಿಸಿದೆ. "ರೇಡಿಯೋ" ಎಂದು ಬಂದಾಗಲೆಲ್ಲ ಒಂದು ಸಲ ನಿಲ್ಲಿಸಿ ಮುಂದೆ ಓದುತ್ತಿದ್ದರು. ಕುರ್ಚಿಯ ಕಾಲಿನ ವಿಷಯ ಓದಿದ ದಿನ ನಿಂತುಕೊಂಡೇ ಓದಿದರು, ನಗುತ್ತಿದ್ದರು. ಸೆಪ್ಟೆಂಬರ್ ಕೊನೆಗೆ ಮಗಳ ಹೆರಿಗೆಗೆಂದು ಊರಿಗೆ ಹೋದವರು ಬಂದದ್ದು ಒಂದೂವರೆ ತಿಂಗಳಿಗೆ. ಆ ನಡುವೆ ಬಂದದ್ದನ್ನು ಬೀದಿ ಮೂಲೆಯ ಅಂಗಡಿಯವನ ಕೈಲಿ ಓದಿಸಲು ಮನಸ್ಸು ಬರಲಿಲ್ಲ. ಬಿಳಿಯ ಹೊದಿಕೆ ಅಂದಿದ್ದೆ, ಇಪ್ಪತ್ತನೇ ತಾರೀಕು ಅಂದಿದ್ದೆ. ನಿನ್ನ ಕೋಣೆ ಕೆಡಬಾರದು ಅಂತ ಅಂದಾಜಿನಲ್ಲಿ ಬರೆದೆ. ಅಳತೆಪಟ್ಟಿ ಇಟ್ಟುಕೊಂಡು ನನ್ನ ಕೈಯಲ್ಲೇ ಬರೆದೆ. ತಮಾಷೆ ಮಾಡಲಿಲ್ಲ.

ನಿನ್ನ ತಪ್ಪುಗಳು ಕಡಿಮೆಯಾಗಿಲ್ಲ ಅಂತ ಇವರು ಹೇಳುತ್ತಾರೆ. ಓದುವಾಗ ಸರಿ ಮಾಡಿಕೊಂಡು ಓದುತ್ತಾರೆ, ನನ್ನ ಕಿವಿಗೆ ಒಂದೂ ಬೀಳುವುದಿಲ್ಲ.

ಕೆಲಸ ಬಿಟ್ಟು ಬರಬೇಡ. ಬಿಟ್ಟರೆ ಮಾತಾಡಿಸುವುದಿಲ್ಲ.

ಅಕ್ಕ

ಇದು ಮಾತ್ರ ನಾನು ಬರೆದದ್ದು, ನಿಮ್ಮ ಅಕ್ಕನಿಗೆ ಓದಿ ಹೇಳಿಲ್ಲ. ನೀವು ಬರಲಾ ಅಂತ ಕೇಳಿದ ಕಾಗದ, ಇನ್ನು ಬರೋದಿಲ್ಲ ಅಂತ ಬರೆದ ಕಾಗದ, ಎರಡನ್ನೂ ನಾನು ವಾಪಸ್ ಬಂದ ದಿನ ಒಟ್ಟಿಗೆ ಓದಿದೆ. ಮೊದಲನೇದು ಓದಿದಾಗ ಎದ್ದು ಕೂತಳು. ಎರಡನೇದು ಓದೋಕೆ ನಂಗೆ ಇಷ್ಟ ಇರಲಿಲ್ಲ, ಓದು ಅಂದಳು. ಅಕ್ಟೋಬರ್ ಮೊದಲ ವಾರ ಕಿಟಕಿ ಹತ್ರ ನಿಂತವರ ಮುಖ ಅವಳಿಗೆ ಮಸುಕಾಗಿಯಾದರೂ ಕಾಣ್ತಿತ್ತಂತೆ. ಈಗ ಕಾಣಲ್ಲ. ನಿಮ್ಮ ಮೇಲೆ ತಪ್ಪು ಹೊರಿಸ್ತಿಲ್ಲ, ನಾನಾದರೂ ಹೋಗಬಾರದಿತ್ತು.


ಡಿಸೆಂಬರ್ 11

ಅಕ್ಕಾ,

ಏನು ಬರೆಯಲಿ. ನಿನಗೊಬ್ಬಳಿಗೇ ಹೇಳಬೇಕಾದದ್ದು ಇದೆ, ಯಾವುದನ್ನು ಬರೆದರೂ ಇನ್ನೊಬ್ಬರ ಬಾಯಿಂದಲೇ ನಿನಗೆ ಸೇರಬೇಕು. ಓದುತ್ತಿರುವವರೇ, ನಿಮ್ಮ ಮೇಲೆ ಬೇಸರವಿಲ್ಲ. ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಹೀಗೆ ಬರೆದೆ. ಅಕ್ಕನಿಗೆ ಹೇಳಿ, ವರ್ಷದ ಕೊನೆಗೆ ಮೂರು ದಿನ ಇರಲು ಬರುತ್ತೇನೆ ಎಂದು.

ಬಿಳಿ ಬಟ್ಟೆಯ ಚೀಟಿ ಕಿತ್ತುಹಾಕೋಣ, ಅದು ನೋಡಿ ಬರೆದದ್ದಲ್ಲ ಅಂತ ಮುಖ್ಯಸ್ಥೆಗೆ ಎಲ್ಲವನ್ನೂ ಹೇಳಿದೆ. ಅವಳು ಎದ್ದು ಹೋಗಿ ಆ ಚೀಟಿಯನ್ನು ಮತ್ತೊಮ್ಮೆ ಓದಿದಳು. ಆಮೇಲೆ, ಇರಲಿ, ನೋಡಿದವರು ಬರೆದದ್ದೂ ಸುಳ್ಳಾಗಿರುತ್ತದೆ ಅಂದಳು. ಜನವರಿಯಿಂದ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಬೇಡ ಅನ್ನಲು ಹೋದೆ. ನೀನು ಮಾತಾಡಿಸುವುದಿಲ್ಲ ಅಂದದ್ದು ನೆನಪಾಗಿ ಸುಮ್ಮನೆ ಸಹಿ ಹಾಕಿದೆ. ಸಂತೋಷಪಡಬೇಕೋ ಏನೋ.

ಪುಟ್ಟಿ


ಜನವರಿ 4

ಅಕ್ಕಾ,

ತಲುಪಿದೆ. ರೈಲಿನಲ್ಲಿ ಕೂತಾಗಿನಿಂದ ಒಂದೇ ಗಳಿಗೆ ತಲೆಯಲ್ಲಿ ತಿರುಗುತ್ತಿದೆ. ಎರಡನೆಯ ದಿನ ಬೆಳಿಗ್ಗೆ ನೀನು ಕೇಳಿದೆಯಲ್ಲ, "ಈಗ ಹೇಗಿದ್ದೀಯ ಹೇಳು. ಕೂದಲು ಎಷ್ಟು ಬೆಳ್ಳಗಾಗಿದೆ, ಕೆನ್ನೆ ಇಳಿದಿದೆಯಾ?" ಏಳು ತಿಂಗಳಿಂದ ನೋಡುವುದನ್ನೇ ಕಲಿಯುತ್ತಿರುವವಳು ನನ್ನ ಮುಖವನ್ನು ನೋಡಿಕೊಂಡೇ ಇರಲಿಲ್ಲ. ಎದ್ದು ಕನ್ನಡಿಯ ಮುಂದೆ ನಿಂತೆ. ಕಂಡದ್ದನ್ನು ಹೇಳುತ್ತಾ ಹೋದೆ. ಬೈತಲೆಯ ಎರಡೂ ಕಡೆ ಬಿಳಿ, ಎಡಗಡೆ ಹೆಚ್ಚು. ಕಣ್ಣಿನ ಕೆಳಗೆ ಅಮ್ಮನಿಗಿದ್ದ ಚೀಲ. ನಡುವೆ ನೀನು ಸಾಕು ಅಂದೆ. ಇನ್ನೂ ಹೇಳುವುದಿತ್ತು. ನಿನ್ನ ಮನಸ್ಸಿನಲ್ಲಿ ಯಾವ ವಯಸ್ಸಿನ ಮುಖ ಇದೆಯೋ ಅದನ್ನೇ ಇಟ್ಟುಕೊಳ್ಳಲು ಹಾಗೆ ಅಂದೆಯೋ, ನನ್ನ ದನಿ ನಡುಗಿದ್ದು ಕೇಳಿಸಿತೋ, ಕೇಳುವ ಧೈರ್ಯವಾಗಲಿಲ್ಲ. ಈಗ ಕೇಳಿದರೂ ಈ ಕಾಗದದಲ್ಲೇ ಕೇಳಬೇಕು.

ಔಷಧಿಯ ಸೀಸೆಗಳಿಗೆ ದಾರ ಸುತ್ತಿದ್ದೇನೆ. ಬೆಳಗಿನದಕ್ಕೆ ಒಂದು ಸುತ್ತು, ಸಂಜೆಯದಕ್ಕೆ ಎರಡು. ಇಷ್ಟು ಬಿಟ್ಟರೆ ನಾನು ಅಲ್ಲಿ ಮಾಡಿದ್ದು ಏನೂ ಇಲ್ಲ. ಮಾಡಲು ಏನಿತ್ತು ಎಂದೂ ತಿಳಿಯುತ್ತಿಲ್ಲ. ನಿನ್ನ ಬಳಿ ಇದ್ದುಬಿಡುತ್ತೇನೆ ಅಂದಾಗ ನೀನು ಗೋಡೆಯ ಕಡೆ ತಿರುಗಿ ಮಲಗಿದೆ.

ನಾನು ಹೊರಟಾಗ ನೀನು ಒಳಗೇ ಇದ್ದೆ. ಪಕ್ಕದ ಮನೆಯವರು ಬಾಗಿಲವರೆಗೆ ಬಂದರು. ನನ್ನ ಚೀಲ ಹಿಡಿದುಕೊಂಡು ಆಚೀಚೆ ನೋಡಿ, ನಿನಗೆ ಕೇಳಿಸದ ಹಾಗೆ ದನಿ ಇಳಿಸಿ ಒಂದು ಮಾತು ಹೇಳಿದರು. ಅದನ್ನು ಹೇಳಿದ ಹಾಗೇ ಕೆಳಗೆ ಬರೆಯುತ್ತೇನೆ. ಬರೆಯದೆ ಇದ್ದರೆ ನಿನ್ನಿಂದ ಮುಚ್ಚಿಟ್ಟ ಹಾಗೆ. ಇದನ್ನು ನಿನಗೆ ಓದುವುದೋ, ಹಾರಿಸಿ ನನ್ನ ಹೆಸರಿಗೇ ನಿಲ್ಲಿಸುವುದೋ, ಅದು ಅವರ ಕೈಯಲ್ಲಿದೆ. ನನಗೆ ಯಾವತ್ತೂ ಗೊತ್ತಾಗುವುದಿಲ್ಲ.

ಪುಟ್ಟಿ

"ಹೋಗಿ ಬಾಮ್ಮ. ಇನ್ಮೇಲೆ ಅಕ್ಷರ ಸ್ವಲ್ಪ ದೊಡ್ಡದಾಗಿ ಬರಿ. ಈಚೆಗೆ ನಂಗೂ ಸರಿಯಾಗಿ ಕಾಣ್ತಿಲ್ಲ."